ಇದ್ದಿಲಾಗಿದ್ದ ಸುರುಳಿಯ ಅಕ್ಷರಗಳು



ಧರ್ಮೋಪದೇಶದ ತರಗತಿಯಲ್ಲಿ ಕಾಲೇಜು ಹುಡುಗನೊಬ್ಬ ನನ್ನನ್ನು ಕೇಳಿದ: "ಫಾದರ್, ಅಚ್ಚುಕೂಟ ಇಲ್ಲದ ಕಾಲದಲ್ಲಿ ಬೈಬಲನ್ನು ಕೈಯಲ್ಲೇ ನಕಲು ಮಾಡುತ್ತಿದ್ದರಲ್ಲ, ಬರೆಯುತ್ತಾ ಬರೆಯುತ್ತಾ ಎಷ್ಟು ಬದಲಾಯಿಸಿಬಿಟ್ಟರೋ! ಪೂಜೆಯಲ್ಲಿ ನಾವು ಕೇಳುವುದು ಆ ಹಳೆಯ ಮಾತನ್ನೇ ಎಂದು ಹೇಗೆ ನಂಬುವುದು?" ತರಲೆಗಾಗಿ ಕೇಳಿದ ಪ್ರಶ್ನೆ ಇದಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಿಮ್ಮ ಮನೆಯ ಮಕ್ಕಳೂ ಹೀಗೆ ಕೇಳಿರಬಹುದು. ದಯವಿಟ್ಟು ಅವರನ್ನು ಗದರಿಸಬೇಡಿ. ಅವನಿಗೆ ನಾನು ಹೇಳಿದ ವಿಷಯವನ್ನೇ ನಿಮಗೂ ಹೇಳುತ್ತೇನೆ.

ಮೃತ ಸಮುದ್ರದ ಪಶ್ಚಿಮ ದಡದಲ್ಲಿ ಏಂಗೆದಿ ಎಂಬ ನೀರಿನ ಬುಗ್ಗೆಗಳ ಊರಿದೆ. ಸೌಲನಿಂದ ತಪ್ಪಿಸಿಕೊಂಡು ದಾವೀದನು ಗುಹೆಯಲ್ಲಿ ಅಡಗಿಕೊಂಡದ್ದು ಈ ಪ್ರದೇಶದಲ್ಲೇ (1 ಸಮುವೇಲ 24). ಮುಂದೆ ಅಲ್ಲಿ ಯೆಹೂದ್ಯರ ದೊಡ್ಡ ಹಳ್ಳಿಯೊಂದು ಬೆಳೆಯಿತು, ಸುಮಾರು ಕ್ರಿ.ಶ. 600ರ ಹೊತ್ತಿಗೆ ಅದು ಬೆಂಕಿಗೆ ಆಹುತಿಯಾಯಿತು. 1970ರಲ್ಲಿ ಪುರಾತತ್ವಜ್ಞರು ಅಲ್ಲಿನ ಪ್ರಾರ್ಥನಾ ಮಂದಿರವನ್ನು ಅಗೆದಾಗ, ಧರ್ಮಶಾಸ್ತ್ರದ ಸುರುಳಿಗಳನ್ನು ಇಡುವ ಪವಿತ್ರ ಪೆಟ್ಟಿಗೆಯ ಜಾಗದಲ್ಲಿ ಸುಟ್ಟು ಕರಕಲಾದ ತುಂಡುಗಳು ಸಿಕ್ಕವು. ಒಲೆಯಿಂದ ತೆಗೆದ ಇದ್ದಿಲಿಗೂ ಅವಕ್ಕೂ ಮೇಲುನೋಟಕ್ಕೆ ವ್ಯತ್ಯಾಸವೇ ಇರಲಿಲ್ಲ. ಬಿಡಿಸಲು ಹೋದರೆ ಪುಡಿಯಾಗುತ್ತಿದ್ದವು. ಓದುವ ದಾರಿಯೇ ಇಲ್ಲದಿದ್ದರೂ ಯಾರೂ ಅವುಗಳನ್ನು ಎಸೆಯಲಿಲ್ಲ. ಹಾಗೆಯೇ ಜೋಪಾನವಾಗಿ ಇಟ್ಟರು. ಒಂದೆರಡು ವರ್ಷವಲ್ಲ, ನಲವತ್ತಕ್ಕೂ ಹೆಚ್ಚು ವರ್ಷ! ಗೆದ್ದಲು ಹಿಡಿದ ಹಳೆಯ ದಾಖಲೆಪುಸ್ತಕವನ್ನು ಕಂಡರೆ ಬೆಂಕಿಪೆಟ್ಟಿಗೆ ಹುಡುಕುವ ನನ್ನಂಥವನಿಗೆ ಆ ತಾಳ್ಮೆ ನಾಚಿಕೆ ತರಿಸುತ್ತದೆ.

ಕೊನೆಗೆ ಬೀಗ ತೆರೆದದ್ದು ಆಸ್ಪತ್ರೆಯಲ್ಲಿ ನಮಗೆ ಪರಿಚಿತವಾದ ಸಿ.ಟಿ. ಸ್ಕ್ಯಾನ್. ಅದರ ಅತಿ ಸೂಕ್ಷ್ಮ ರೂಪವೊಂದರಿಂದ ಸುರುಳಿಯನ್ನು ಮುಟ್ಟದೆಯೇ ಒಳಗಿನ ಪದರಗಳ ಚಿತ್ರ ತೆಗೆದರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಬ್ರೆಂಟ್ ಸೀಲ್ಸ್ ಅವರ ತಂಡ ಕಂಪ್ಯೂಟರಿನಲ್ಲೇ ಆ ಪದರಗಳನ್ನು ಒಂದೊಂದಾಗಿ ಗುರುತಿಸಿ, ಸುತ್ತಿಟ್ಟ ಚಾಪೆಯನ್ನು ನೆಲದ ಮೇಲೆ ಹಾಸುವಂತೆ ಬಿಡಿಸಿ ಸಮತಟ್ಟು ಮಾಡಿತು. ಶಾಯಿಯಲ್ಲಿ ಲೋಹದ ಅಂಶ ಇದ್ದಿರಬೇಕು. ಆದ್ದರಿಂದ ಅಕ್ಷರಗಳು ಸುಟ್ಟ ಚರ್ಮಕ್ಕಿಂತ ಬೆಳ್ಳಗೆ ಎದ್ದು ಕಂಡವು. (ಇಟಲಿಯ ಹರ್ಕುಲೇನಿಯಮ್ಮಿನಲ್ಲಿ ಕ್ರಿ.ಶ. 79ರ ಜ್ವಾಲಾಮುಖಿಗೆ ಸಿಕ್ಕಿದ ಸುರುಳಿಗಳದ್ದು ಬರೀ ಮಸಿಯ ಶಾಯಿ. ಮಸಿಯೂ ಇದ್ದಿಲು, ಹಾಳೆಯೂ ಇದ್ದಿಲು! ಅದಕ್ಕೇ ಅವುಗಳ ಕೆಲಸ ಇನ್ನೂ ಕಠಿಣವಾಯಿತು. 2023ರಲ್ಲಿ, ತೆರೆಯದ ಸುರುಳಿಯೊಂದರೊಳಗೆ ವಿದ್ಯಾರ್ಥಿಗಳು ಓದಿದ ಮೊದಲ ಗ್ರೀಕ್ ಪದ ನೇರಳೆ ಬಣ್ಣವನ್ನು ಸೂಚಿಸುವಂಥದ್ದು.)

ಏಂಗೆದಿಯ ಸುರುಳಿಯಲ್ಲಿ ಏನಿತ್ತು? ಯಾಜಕಕಾಂಡದ ಮೊದಲ ಎರಡು ಅಧ್ಯಾಯಗಳ ಭಾಗಗಳು. ಯಾಜಕಕಾಂಡ ಶುರುವಾಗುವುದೇ ದಹನಬಲಿಯ ನಿಯಮಗಳಿಂದ. ದಹನಬಲಿಯ ಮಾತನ್ನು ಹೊತ್ತಿದ್ದ ಸುರುಳಿ ತಾನೇ ಬೆಂಕಿಗೆ ಬಿದ್ದು, ಆ ಮಾತನ್ನು ಮಾತ್ರ ಉಳಿಸಿಕೊಂಡಿತ್ತು. 2015ರಲ್ಲಿ ಈ ಸುದ್ದಿ ಹೊರಬಿತ್ತು, 2016ರಲ್ಲಿ ಪೂರ್ಣ ಅಧ್ಯಯನ ಪ್ರಕಟವಾಯಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಇಂಗಾಲದ ಪರೀಕ್ಷೆಯ ಪ್ರಕಾರ ಸುರುಳಿ ಕ್ರಿ.ಶ. 3 ಅಥವಾ 4ನೇ ಶತಮಾನದ್ದು. ಅಕ್ಷರದ ಬಗೆ ನೋಡಿದವರು ಇನ್ನೂ ಹಿಂದಿನದು ಎನ್ನುತ್ತಾರೆ. ಹೀಬ್ರೂ ಬೈಬಲಿನ ಪ್ರಸಿದ್ಧ ಹಸ್ತಪ್ರತಿಗಳಾದ ಅಲೆಪ್ಪೊ ಪ್ರತಿ 10ನೇ ಶತಮಾನದ್ದು, ಲೆನಿನ್‌ಗ್ರಾಡ್ ಪ್ರತಿ ಸುಮಾರು 1008ರದ್ದು. ನಡುವೆ ಕನಿಷ್ಠ ಐದಾರು ನೂರು ವರ್ಷಗಳ ಅಂತರ. ಹೀಗಿದ್ದೂ ಓದಲು ಸಿಕ್ಕ ಭಾಗದಲ್ಲಿ ವ್ಯಂಜನಗಳು ಆ ಪರಂಪರೆಯ ಪಾಠದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿದವು. (ಆ ಕಾಲದ ಹೀಬ್ರೂ ಬರಹದಲ್ಲಿ ಸ್ವರಚಿಹ್ನೆಗಳಿರಲಿಲ್ಲ.) ಎಷ್ಟೋ ತಲೆಮಾರುಗಳ ಹೆಸರಿಲ್ಲದ ನಕಲುಗಾರರು ದೀಪದ ಬೆಳಕಿನಲ್ಲಿ ಕಣ್ಣು ಸವೆಸಿದ ಫಲ ಇದು.

ಆದರೆ ಪೂರ್ತಿ ಸತ್ಯವನ್ನೇ ಹೇಳಬೇಕು. 1947ರಿಂದ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಪ್ರತಿಗಳೆಲ್ಲ ಹೀಗೆ ಒಂದೇ ತೆರನಾಗಿಲ್ಲ. ಯೆರೆಮೀಯನ ಗ್ರಂಥದ ಒಂದು ಪ್ರತಿ, ಗ್ರೀಕ್ ಅನುವಾದದಂತೆ, ನಮಗೆ ಪರಿಚಿತವಾದ ಹೀಬ್ರೂ ಪಾಠಕ್ಕಿಂತ ಚಿಕ್ಕದು. ಗುರುಮಠದಲ್ಲಿ ನಮಗೆ ಇದನ್ನು ಮುಚ್ಚಿಡದೆ ಕಲಿಸಿದರು. ನಿಮ್ಮ ಬೈಬಲಿನಲ್ಲಿ ಅಡಿಟಿಪ್ಪಣಿಗಳಿದ್ದರೆ, 'ಕೆಲವು ಪ್ರತಿಗಳಲ್ಲಿ ಹೀಗಿದೆ' ಎಂದು ಹೇಳುವುದು ಇಂಥ ಭೇದಗಳನ್ನೇ.

ಇನ್ನೊಂದು ಮಾತು. "ವಿಜ್ಞಾನ ಬೈಬಲನ್ನು ಸಾಬೀತು ಮಾಡಿತು" ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಬಂದರೆ ಆತುರದಿಂದ ಮುಂದಕ್ಕೆ ಕಳುಹಿಸಬೇಡಿ. ಯಂತ್ರ ತೋರಿಸಿದ್ದು ಅಕ್ಷರ ಉಳಿದಿದೆ ಎಂಬುದನ್ನು. ಆ ಅಕ್ಷರದಲ್ಲಿ ಸರ್ವೇಶ್ವರ ಮಾತಾಡುತ್ತಾರೆಯೇ ಎಂಬುದು ಯಾವ ಸ್ಕ್ಯಾನಿಗೂ ಸಿಗುವ ಸಂಗತಿಯಲ್ಲ. ಅದು ವಿಶ್ವಾಸದ ವಿಷಯ. ಇದನ್ನು ಹೇಳಿದಾಗ ಹುಡುಗ ತುಸು ನಿರಾಶನಾದ. ನಾನು ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಆಮೇಲೆ ಅವನ ಕೈಗೇ ಬೈಬಲ್ ಕೊಟ್ಟು ಆ ಎರಡು ಅಧ್ಯಾಯಗಳನ್ನು ಓದಿಸಿದೆ. ಎರಡನೆಯ ಅಧ್ಯಾಯದಲ್ಲಿ ಧಾನ್ಯದ ಕಾಣಿಕೆ ಬರುತ್ತದೆ: ಎಣ್ಣೆ ಬೆರೆಸಿದ ನಯವಾದ ಹಿಟ್ಟು, ಒಲೆಯಲ್ಲಿ ಸುಟ್ಟದ್ದು, ಹೆಂಚಿನ ಮೇಲೆ ಬೇಯಿಸಿದ್ದು. ಹಿಂದಿನ ಬೆಂಚಿನಿಂದ ಪುಟ್ಟ ಹುಡುಗಿಯೊಬ್ಬಳು ಎದ್ದು, "ಫಾದರ್, ನಮ್ಮಜ್ಜಿ ರೊಟ್ಟಿ ಮಾಡುವ ಹಾಗೆಯೇ?" ಎಂದಳು. ಹೆಚ್ಚುಕಡಿಮೆ ಹಾಗೆಯೇ, ಹುಳಿ ಮಾತ್ರ ಹಾಕುವಂತಿಲ್ಲ ಎಂದೆ.