ನಿಧಾನವಾಗಿ ಬೆಳೆಯುವ ಮೀನು

ಉತ್ತರ ಅಮೆರಿಕದ ಮಹಾಸರೋವರಗಳಲ್ಲಿಯೂ ಸುತ್ತಣ ನದಿಗಳಲ್ಲಿಯೂ ಸ್ಟರ್ಜನ್ ಎಂಬ ಬೃಹತ್ ಮೀನು ವಾಸಿಸುತ್ತದೆ. ಅದರ ಮೈಮೇಲೆ ಎಲುಬಿನ ಫಲಕಗಳ ಸಾಲು. ಮೂತಿಯ ಕೆಳಗೆ ನಾಲ್ಕು ಮೀಸೆಗಳು. ಹಲ್ಲಿಲ್ಲದ ಈ ಮೀನು ಮೀಸೆಗಳಿಂದ ತಳವನ್ನು ತಡವಿ ಹುಳುಹುಪ್ಪಟೆಗಳನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ಅದನ್ನು ಹಿಡಿಯುವವರು ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ, ಭಾರವಾದ ಗುಂಡನ್ನು ಕಟ್ಟಿ, ನದಿಯ ತಳಕ್ಕೆ ಇಳಿಬಿಟ್ಟು ತಾಳ್ಮೆಯಿಂದ ಕಾಯುತ್ತಾರೆ.

ಹೆಣ್ಣು ಸ್ಟರ್ಜನ್ ಮೊದಲ ಬಾರಿಗೆ ಮೊಟ್ಟೆಯಿಡಲು ಸುಮಾರು ಇಪ್ಪತ್ತು ವರ್ಷಗಳಾದರೂ ಬೇಕು. ಅನಂತರವೂ ಅದು ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ. ನೂರು ವರ್ಷ ಬಾಳಬಲ್ಲ ಜೀವಿಗೆ ಅವಸರವೇಕೆ? ಅವಸರವಿದ್ದುದು ಮನುಷ್ಯನಿಗೆ. ಬಲೆಯನ್ನು ಹರಿಯುತ್ತದೆಂದು ಅದನ್ನು ಕೊಂದು ಎಸೆಯುತ್ತಿದ್ದವನು, ಅದರ ಮೊಟ್ಟೆಗೆ ಬೆಲೆ ಬಂದೊಡನೆ ಬೆನ್ನಟ್ಟಿ ಹಿಡಿಯತೊಡಗಿದನು. ಈರಿ ಸರೋವರದಲ್ಲಿ 1885ರಲ್ಲಿ ಸುಮಾರು 50 ಲಕ್ಷ ಪೌಂಡು ದೊರೆತ ಸ್ಟರ್ಜನ್, 1895ರಲ್ಲಿ ದೊರೆತುದು ಸುಮಾರು 2 ಲಕ್ಷ ಪೌಂಡು ಮಾತ್ರ.

ನದಿಗಳ ಕಥೆಯೂ ಬೇರೆಯಲ್ಲ. ಅಮೆರಿಕ ಮತ್ತು ಕೆನಡಗಳ ಗಡಿಯಲ್ಲಿ ಹರಿಯುವ ರೈನಿ ನದಿಯನ್ನು ಕಾಗದದ ಗಿರಣಿಗಳ ಕೊಳೆ ಕೆಡಿಸಿತ್ತು. 1970ರ ದಶಕದಿಂದೀಚೆಗೆ ನೀರು ತಿಳಿಯಾದಂತೆ ಮೀನಿನ ಸಂತತಿಯೂ ಚೇತರಿಸಿತು. ಅಲ್ಲಿ ಮಿನ್ನೆಸೋಟ ರಾಜ್ಯದ ನಿಯಮದಂತೆ ಒಬ್ಬನು ವರ್ಷಕ್ಕೆ ಒಂದೇ ಸ್ಟರ್ಜನ್ ಒಯ್ಯಬಹುದು. ಅದೂ 45ರಿಂದ 50 ಅಂಗುಲದೊಳಗಿನದು, ಇಲ್ಲವೆ 75 ಅಂಗುಲವನ್ನು ಮೀರಿದುದು. ನಡುವಣ ಗಾತ್ರದವು ಸಂತತಿಯನ್ನು ಬೆಳೆಸತಕ್ಕವು. ಅವನ್ನು ನೀರಿಗೇ ಮರಳಿಸಬೇಕು.

ಹತ್ತು ವರ್ಷಗಳಲ್ಲಿ ಬರಿದಾದುದನ್ನು ತುಂಬಲು ಒಂದು ತಲೆಮಾರು ಸಾಲದು. ಹಿಡಿಯಬಲ್ಲ ಕೈಗೆ ಬಿಡುವುದೂ ತಿಳಿದಿರಬೇಕು.

ಅಭ್ಯಾಸ
1. ಸ್ಟರ್ಜನ್ ಸಂತತಿ ಬೇಗನೆ ಹೆಚ್ಚದಿರಲು ಕಾರಣವೇನು?
2. ‘ಅವಸರವಿದ್ದುದು ಮನುಷ್ಯನಿಗೆ’ — ಈ ಮಾತನ್ನು ವಿವರಿಸಿರಿ.