ಅರಿವು, ನೆನಹು, ಮರವೆ

ಶರಣರ ವಚನಗಳನ್ನು ಓದುವ ಸದ್ಭಕ್ತರಿಗೆ ‘ಅರಿವು’, ‘ಮರವೆ’ ಎಂಬ ಎರಡು ಮಾತುಗಳು ಮೇಲಿಂದ ಮೇಲೆ ಎದುರಾಗುತ್ತವೆ. ತಾನಾರೆಂಬುದನ್ನು ತಿಳಿದಿರುವುದು ಅರಿವು. ಅಂಗವೇ ತಾನೆಂದು ಭ್ರಮಿಸಿ ಲಿಂಗವನ್ನು ಮರೆತಿರುವುದು ಮರವೆ. ಲೋಕವ್ಯವಹಾರದ ಮರವೆಯಾದರೋ ಬೇರೆ. ಬೀಗದ ಕೈ ಇಟ್ಟ ಎಡೆ ತಿಳಿಯದು. ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದು. ವಯಸ್ಸಾದ ತಾಯಿ ಹೆತ್ತ ಮಗನ ಗುರುತನ್ನೇ ಹಿಡಿಯಳು. ಈ ಎರಡನ್ನೂ ಒಂದೆಂದು ಬಗೆದು, ನೆನಪು ತಪ್ಪಿದ ಹಿರಿಯರನ್ನು ‘ಭಕ್ತಿ ಕುಂದಿತು’ ಎಂದು ಆಡಿಕೊಳ್ಳುವವರುಂಟು. ಅದು ಸಲ್ಲದೆಂಬುದನ್ನು ಮನಗಾಣಲು ನೆನಪಿನ ಸ್ವರೂಪವನ್ನು ಕೊಂಚ ವಿಚಾರಿಸೋಣ.

ನೆನಪಿಗೆ ಮೂರು ಮೆಟ್ಟಿಲುಗಳು: ಗ್ರಹಣ, ಧಾರಣ, ಸ್ಮರಣ. ಮನಸ್ಸು ಒಂದು ವಿಷಯದಲ್ಲಿ ನಿಂತಾಗ ಅದು ಗ್ರಹಣವಾಗುತ್ತದೆ. ಮೆದುಳಿನ ನರಕೋಶಗಳ ನಡುವಣ ಸಂಧಿಗಳು ಬಲಗೊಂಡು ಅದು ಉಳಿಯುವುದು ಧಾರಣ. ಬೇಕಾದಾಗ ಅದನ್ನು ಎಚ್ಚರಿಸಿಕೊಳ್ಳುವುದು ಸ್ಮರಣ. ಈ ಮೂರರಲ್ಲಿ ಯಾವುದು ತಪ್ಪಿದರೂ ನಾವು ‘ಮರೆತೆ’ ಎನ್ನುತ್ತೇವೆ. ಬೀಗದ ಕೈಯನ್ನು ಇಡುವಾಗ ಮನಸ್ಸು ಬೇರೆಡೆ ಇದ್ದುದರಿಂದ ಅಲ್ಲಿ ಗ್ರಹಣವೇ ಆಗಲಿಲ್ಲ. ನಾಲಗೆಯ ತುದಿಯ ಹೆಸರು ಒಳಗೆ ಇದ್ದೇ ಇದೆ. ಅದರ ಬಳಿಗೆ ಹೋಗುವ ದಾರಿ ಮಾತ್ರ ಆ ಕ್ಷಣಕ್ಕೆ ಸಿಕ್ಕದು.

ಧಾರಣದ ವಿಚಾರದಲ್ಲಿ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡು 1885ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ, ಎಷ್ಟು ಕಾಲದಲ್ಲಿ ಎಷ್ಟು ಅಳಿಯುವುದೆಂದು ಅವನು ಅಳೆದನು. ಅರ್ಧಕ್ಕಿಂತ ಹೆಚ್ಚಿನ ಭಾಗ ಮೊದಲ ಒಂದು ಗಂಟೆಯಲ್ಲೇ ಜಾರಿಹೋಗಿತ್ತು; ಆಮೇಲಿನ ಅಳಿವು ಬಹಳ ನಿಧಾನ. ಒಂದೇ ದಿನದಲ್ಲಿ 68 ಸಲ ಪಠಿಸಿದುದರ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಪಠಿಸಿದುದರಿಂದಲೇ ದೊರಕಿತೆಂದೂ ಅವನು ಕಂಡುಕೊಂಡನು. ಹಬ್ಬದ ದಿನ ಒಮ್ಮೆಗೇ ಹಲವು ವಚನಗಳನ್ನು ಓದಿ ಪುಸ್ತಕವನ್ನು ಕಟ್ಟಿಡುವುದಕ್ಕಿಂತ, ದಿನಕ್ಕೊಂದನ್ನು ಓದಿ ಮರುದಿನ, ಮರುವಾರ ಅದನ್ನೇ ನೆನೆಯುವುದು ಲೇಸೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಇನ್ನು ರೋಗದಿಂದ ಬಂದ ಮರವೆಯ ಮಾತು. ಅಮೆರಿಕೆಯ ಹೆನ್ರಿ ಮೊಲೈಸನ್ ಎಂಬ ತರುಣನಿಗೆ 1953ರಲ್ಲಿ ಮೂರ್ಛೆರೋಗದ ನಿವಾರಣೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ವೈದ್ಯರು ಮೆದುಳಿನ ಎರಡು ಪಾರ್ಶ್ವಗಳಲ್ಲಿಯೂ ಹಿಪೋಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆದರು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವನಲ್ಲಿ ಹೊಸ ಸಂಗತಿಗಳು ನೆಲೆ ನಿಲ್ಲಲಿಲ್ಲ. ಆಗತಾನೆ ಮಾತನಾಡಿಸಿ ಹೋದವರು ಮರಳಿ ಬಂದರೆ ಅವನಿಗೆ ಅಪರಿಚಿತರೇ. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಒಂದು ಅಚ್ಚರಿಯನ್ನು ಕಂಡರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯ ಸುತ್ತ ಗೆರೆಯೆಳೆಯುವ ಕಷ್ಟದ ಕೆಲಸವನ್ನು ಅವನಿಗೆ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತ ಬಂದಿತು. ಹಿಂದೆ ಅದನ್ನು ಮಾಡಿದ ನೆನಪು ಮಾತ್ರ ಅವನಿಗಿರಲಿಲ್ಲ. ಸಂಗತಿಗಳ ನೆನಪು ಬೇರೆ, ಕೈಯ ನೆನಪು ಬೇರೆ; ಅವುಗಳ ನೆಲೆಗಳೂ ಮೆದುಳಿನಲ್ಲಿ ಬೇರೆಬೇರೆ ಎಂಬುದು ಇದರಿಂದ ಸಿದ್ಧವಾಯಿತು.

ಅಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯನು 1906ರಲ್ಲಿ ವಿವರಿಸಿದ, ಈಗ ಅವನ ಹೆಸರಿನಿಂದಲೇ ಕರೆಯಲ್ಪಡುವ ರೋಗವು ಸಾಮಾನ್ಯವಾಗಿ ಮೊದಲು ಕೆಡಿಸುವುದು ಈ ಹಿಪೋಕ್ಯಾಂಪಸ್ಸಿನ ಪ್ರದೇಶವನ್ನೇ. ಆದುದರಿಂದ ಬೆಳಗಿನ ಊಟವನ್ನು ಮರೆತ ತಾಯಿ, ಮದುವೆಯ ದಿನದ ಹಾಡನ್ನು ಹಾಡಬಲ್ಲಳು. ಮಗನ ಹೆಸರು ತಪ್ಪಿದವಳ ಬೆರಳುಗಳು ವಿಭೂತಿಯನ್ನು ಧರಿಸುವ ಕ್ರಮವನ್ನು ಬಹುಕಾಲ ಬಿಡದಿರಬಹುದು. ಇಷ್ಟಲಿಂಗಕ್ಕಾಗಿ ಎಡಗೈ ತಾನಾಗಿ ತೆರೆದುಕೊಳ್ಳಬಹುದು. ಪೂಜೆಯು ಈ ರೋಗವನ್ನು ತಡೆಯುವುದೆಂದು ಹೇಳಲಾಗದು. ನಿಷ್ಠಾವಂತರಿಗೂ ಇದು ಬರುತ್ತದೆ. ಎಲ್ಲ ಮರವೆಯೂ ಈ ರೋಗವೇ ಅಲ್ಲವೆಂಬುದನ್ನೂ ಗೃಹಸ್ಥರು ತಿಳಿದಿರಬೇಕು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-12 ಜೀವಸತ್ವದ ಕೊರತೆ, ನಿದ್ರಾಹೀನತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ನೆನಪು ಕುಂದುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಆದುದರಿಂದ ಮೊದಲು ವೈದ್ಯರಲ್ಲಿಗೆ ಕರೆದೊಯ್ಯುವುದು ಮಕ್ಕಳ ಕರ್ತವ್ಯ.

ಹಾಗಾದರೆ ಶರಣರು ನಿಂದಿಸಿದ ಮರವೆ ಯಾರದು? ಮೆದುಳು ಸವೆದ ಮುದುಕರದಲ್ಲ. ನೆನಪೆಲ್ಲ ನೆಟ್ಟಗಿದ್ದೂ ತನ್ನನ್ನು ಸಾಕಿದವರನ್ನು ಗದರಿಸುವವನದು. ಒಂದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದ ತಂದೆಗೆ ಉತ್ತರವೀಯಲು ಬೇಸರಿಸುವವನದು. ಬಾಲ್ಯದಲ್ಲಿ ಅವನೂ ಹಾಗೆಯೇ ನೂರು ಸಲ ಕೇಳಿದ್ದನು. ತಾಯಿ ತಂದೆಗಳ ನೆನಪು ಅಳಿದ ಮೇಲೆ ಮನೆಯವರೇ ಅವರ ನೆನಪಾಗಬೇಕು. ಹೊತ್ತಿಗೆ ಸರಿಯಾಗಿ ಕರಡಿಗೆಯನ್ನು ಕೈಗಿತ್ತು, ಪಕ್ಕದಲ್ಲಿ ಕುಳಿತು, ಮಂತ್ರದ ಮೊದಲಕ್ಷರವನ್ನು ತಾವೇ ಉಚ್ಚರಿಸಬೇಕು. ಇದೂ ದಾಸೋಹವೇ. ಅದನ್ನು ನೆನೆದು ನಡೆದವನಲ್ಲಿ ಅರಿವು ನೆಲೆಗೊಂಡಿದೆಯೆಂದು ತಿಳಿಯಬಹುದು.