ಮನೆಯ ನೃತ್ಯ ತರಗತಿಗೆ ಅನುದಾನ ಸಿಗುತ್ತದೆಯೇ?

ಪ್ರಶ್ನೆ: ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಭರತನಾಟ್ಯ ಕಲಿಸುತ್ತೇನೆ. ಸರ್ಕಾರದ ನೆರವು ಪಡೆಯುವುದು ಹೇಗೆ?

ವಕೀಲರ ಉತ್ತರ: ಸಿಗುತ್ತದೆ ಮೇಡಂ, ಆದರೆ ಮೊದಲು ಸಂಸ್ಥೆ ಕಟ್ಟಿ. 1860ರ ಸೊಸೈಟಿ ಕಾಯ್ದೆಗೆ ಕನಿಷ್ಠ ಏಳು ಸದಸ್ಯರು ಬೇಕು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ವಿಶ್ವಸ್ತ ಕಾಯ್ದೆಯ ನೋಂದಣಿಯೂ ಆಗಬೇಕು. ಕೊಲ್ಹಾಪುರದ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ಬೈಲಾವನ್ನು ಮಾತ್ರ ವಕೀಲರಿಂದಲೇ ಬರೆಸಿ. ಉದ್ದೇಶದ ಕಲಮಿನಲ್ಲಿ ‘ಶಾಸ್ತ್ರೀಯ ನೃತ್ಯ ಶಿಕ್ಷಣ’ ಎಂದು ಸ್ಪಷ್ಟವಾಗಿರಲಿ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು–ಶಿಷ್ಯ ಅನುದಾನಕ್ಕೆ ಹಳೆಯ ಲೆಕ್ಕಪತ್ರ, ಕಾರ್ಯಕ್ರಮಗಳ ದಾಖಲೆ ತೋರಿಸಬೇಕಾಗುತ್ತದೆ. ಹಾಗಾಗಿ ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ, ಮೃದಂಗದವರಿಗೆ ಕೊಟ್ಟ ಹಣದ ರಸೀದಿಗಳನ್ನು ಇಂದಿನಿಂದಲೇ ಫೈಲು ಮಾಡಿ. ಲೆಕ್ಕಪರಿಶೋಧನೆ ಸಿ.ಎ. ಕೈಯಲ್ಲಿರಲಿ.

ಅನುದಾನ ಸಿಗುವವರೆಗೆ 10ರಿಂದ 14 ವರ್ಷದ ಶಿಷ್ಯರಿಂದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ನಿಮ್ಮ ಸ್ವಂತ ನೃತ್ಯ ಸಂಯೋಜನೆಗಳನ್ನು ತಪ್ಪದೆ ವಿಡಿಯೋ ಮಾಡಿಡಿ. ದಾಖಲಾಗದ ಸಂಯೋಜನೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇಲ್ಲ.